ಬಲಗಡೆಯ ಗಂಟು

ಆ ನಾಲ್ಕು ಬೆರಳಗಲದ ಹೊಲಿಗೆ ತನ್ನದಲ್ಲ ಎಂದು ದೊಡ್ಡಕ್ಕನಿಗೆ ತಿಳಿದದ್ದು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಮರದ ಬೊಂಬೆಗೆ ತೊಡಿಸಿಟ್ಟಿದ್ದ ನಾಟಕದ ಸೇನಾಪತಿಯ ಕೋಟಿನ ಮೇಲಿನ ಬಟ್ಟೆ ಸರಿಸಿ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೋಡುವ ನೆಪದಲ್ಲಿ ಬಲ ಎದೆಯ ಹುರಿಯ ಅಂಚಿಗೆ ಬೆರಳಾಡಿಸುತ್ತಿದ್ದಳು. ಹಾಗೆ ಆಡಿಸುವುದು ಅವಳಿಗೊಂದು ಸುಖ. ಹೊಲಿಗೆಗಳು ಹುರಿಯ ಹೆಣಿಗೆಯೊಳಗೆ ಮುಳುಗಿ ಯಾರ ಕಣ್ಣಿಗೂ ಕಾಣದೆ ಹೋದರೂ ಬೆರಳಿಗೆ ಸಿಗುತ್ತವೆ, ಎಲ್ಲವೂ ಒಂದೇ ಕಡೆಗೆ ವಾಲಿಕೊಂಡು, ಸಾಲಾಗಿ. ಮೂರನೆಯ ಸಾಲಿನ ನಡುವೆ ಬೆರಳು ತಡವರಿಸಿತು. ಹಿಂದಕ್ಕೆ ಹೋಗಿ ಮತ್ತೆ ಬಂದಳು. ಅಲ್ಲಿ ಹೊಲಿಗೆಗಳು ಎದುರು ದಿಕ್ಕಿಗೆ ವಾಲಿದ್ದವು, ನಾಲ್ಕು ಬೆರಳಗಲ ಮಾತ್ರ. ಆಮೇಲೆ ಮತ್ತೆ ಅವಳವೇ ಶುರುವಾಗುತ್ತಿದ್ದವು. ಬಲಗೈಯಲ್ಲಿ ಸೂಜಿ ಹಿಡಿಯುವವರ ಹೊಲಿಗೆ ಒಂದು ಕಡೆಗೆ ವಾಲಿದರೆ ಎಡಗೈಯವರದು ಇನ್ನೊಂದು ಕಡೆಗೆ. ಆ ಹೊಲಿಗೆಮನೆಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವಳು ಒಬ್ಬಳೇ. ಪಕ್ಕದ ಕುರ್ಚಿಯಲ್ಲಿ ಕೂರುವವಳು, ಒಂದೇ ಸೂರಿನಡಿ ಮಲಗಿ ಏಳುವವಳು, ಮೈದುನನ ಹೆಂಡತಿ. ತನ್ನ ವಾರಗಿತ್ತಿಯೇ.

ದೊಡ್ಡಕ್ಕ ಹುಟ್ಟಿದ್ದು ಯಾರಿಗೂ ಅಕ್ಕನಾಗಿ ಅಲ್ಲ. ಮನೆಗೆ ಹಿರಿಸೊಸೆಯಾದ್ದರಿಂದ ವಾರಗಿತ್ತಿ ಹಾಗೆ ಕರೆದಳು, ಅವಳ ಬಾಯಿಂದ ಅದು ಹೊಲಿಗೆಮನೆಗೆ ಬಂತು, ಈಗ ಹೊಲಿಗೆಮನೆ ನಡೆಸುವ, ವಯಸ್ಸಿನಲ್ಲಿ ದೊಡ್ಡವರಾದ ಮಾಸ್ಟರೂ ದೊಡ್ಡಕ್ಕ ಎನ್ನುತ್ತಾರೆ. ವಾರಗಿತ್ತಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಎಡಚಿ. ಅದರಿಂದ ಅವಳಿಗೇನೂ ಬೇಸರವಿದ್ದಂತಿಲ್ಲ. ಆ ಎಡಗೈಯಿಂದಲೇ ಅವಳ ಅನ್ನ. ನಾಟಕಶಾಲೆಯ ಹಿಂಬದಿಯ ಈ ಉದ್ದ ಕೋಣೆಯಲ್ಲಿ ರಾಜರು, ಸೈನಿಕರು, ದರ್ಬಾರಿನ ಹೆಂಗಸರು ಎಲ್ಲರೂ ತಲೆಯಿಲ್ಲದೆ ಬೊಂಬೆಗಳ ಮೇಲೆ ನಿಂತಿರುತ್ತಾರೆ. ಹಳೆಯ ಕಾಲದ ಕೋಟುಗಳಿಗೆ ಹೊನ್ನಬಣ್ಣದ ಹೆಣೆದ ಹುರಿ ಕೂರಿಸುವುದು ಇವರಿಬ್ಬರ ಕೆಲಸ: ಬಲ ಎದೆ ದೊಡ್ಡಕ್ಕನದು, ಎಡ ಎದೆ ಎಡಚಿಯದು. ಬಲಗೈಯವಳು ಬಲಗಡೆ, ಎಡಗೈಯವಳು ಎಡಗಡೆ ಹೊಲಿದರೆ ಎರಡು ಅರ್ಧಗಳೂ ಕನ್ನಡಿ ಹಿಡಿದಂತೆ ಕೂರುತ್ತವೆ ಎಂದು ಕಂಡುಕೊಂಡವರು ಮಾಸ್ಟರು. ಚಿತ್ರ ಬರೆಯುವವರು ಬಲ ಅರ್ಧವನ್ನಷ್ಟೇ ಬರೆದುಕೊಡುತ್ತಾರೆ. ಹುರಿ ಎಲ್ಲಿ ಮೇಲೆ ಹಾಯಬೇಕು, ಎಲ್ಲಿ ಕೆಳಗೆ ನುಸುಳಬೇಕು ಎಂಬುದು ಗೆರೆಯಲ್ಲಿರುವುದಿಲ್ಲ, ಕೈಯಲ್ಲಿರುತ್ತದೆ. ಅದಕ್ಕೇ ಬಲಗಡೆಯವರು ಹಾಕಿದ್ದೇ ಕಟ್ಟಳೆ. ಎರಡೂ ಹೊಂದದಿದ್ದರೆ ಮಾತಿಲ್ಲದೆ ಬಿಚ್ಚುವುದು ಎಡಗಡೆಯನ್ನು. ಇನ್ನೊಬ್ಬರ ಅರ್ಧಕ್ಕೆ ಕೈ ಹಾಕುವುದೆಂದರೆ ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ. ಇಷ್ಟು ವರ್ಷ ಯಾರೂ ಹಾಕಿರಲಿಲ್ಲ. ಈಗ ಹಾಕಿದ್ದಾಳೆ ಎಂದರೆ ಸುಮ್ಮನೆ ಹಾಕಿರಲಾರಳು. ಮೂಲೆಯಲ್ಲಿ ಹೊಸ ಯಂತ್ರವೊಂದು ಬಂದು ಕೂತಿತ್ತು; ನೇರ ಸಾಲುಗಳನ್ನೆಲ್ಲ ಅದು ಊಟದ ಹೊತ್ತಿನೊಳಗೆ ಹೊಲಿದು ಬಿಸಾಕುತ್ತದಂತೆ. ಮುಂದಿನ ನಾಟಕದಿಂದ ಹುರಿಯ ಗಂಟುಗಳಿಗೆ ಮಾತ್ರ ಕೈಹೊಲಿಗೆ, ಅದಕ್ಕೆ ಒಬ್ಬರು ಸಾಕು ಎಂದು ಮಾಸ್ಟರು ಹೇಳಿಯಾಗಿತ್ತು. ಆ ಒಬ್ಬರು ಯಾರು ಎಂದು ಹೇಳಿರಲಿಲ್ಲ. ಈ ಕೋಟು ಮುಗಿಯಲಿ, ನೋಡೋಣ ಎಂದಿದ್ದರು.

ಆ ಒಬ್ಬರು ತಾನೇ ಎಂದು ದೊಡ್ಡಕ್ಕ ನಿಶ್ಚಿಂತೆಯಿಂದ ಇರಬಹುದಿತ್ತು, ಕಣ್ಣು ಸರಿಯಿದ್ದಿದ್ದರೆ. ಪೊರೆ ಬಂದಿದೆ, ತೆಗೆಸಿಕೊಳ್ಳಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ತೆಗೆಸಿಕೊಂಡರೆ ರಜೆ ಹಾಕಬೇಕು, ರಜೆಗೆ ಕಾರಣ ಹೇಳಬೇಕು; ಕಣ್ಣು ಎಂಬ ಮಾತು ಹೊಲಿಗೆಮನೆಯಲ್ಲಿ ಒಮ್ಮೆ ಬಿದ್ದರೆ ಮತ್ತೆ ಎತ್ತಿಕೊಳ್ಳಲಾಗದು. ಅದಕ್ಕೇ ಯಾರೂ ಬರುವ ಮೊದಲೇ ಬಂದು, ಕಿಟಕಿಗೆ ಮೈಯಾನಿಸಿ, ಎಳೆಬಿಸಿಲಿನಲ್ಲಿ ಆದಷ್ಟು ಸೂಜಿಗಳಿಗೆ ದಾರ ಪೋಣಿಸಿ ಸೂಜಿದಿಂಬಿಗೆ ಚುಚ್ಚಿಡುತ್ತಿದ್ದಳು. ಕೆಲವು ದಿನ ಬಹಳ ಸೂಜಿಗಳಾಗುತ್ತಿದ್ದವು, ಕೆಲವು ದಿನ ದಾರದ ತುದಿ ಎಂಜಲಾಗಿ ಸೀಳಿ ಮೂರೋ ನಾಲ್ಕೋ. ಹೇಗೋ ಸಂಜೆಯವರೆಗೆ ಸಾಕಾಗುತ್ತಿದ್ದವು. ತನ್ನದು ಹಿಡಿತದ ಕೈ ಎಂದು ಅವಳು ತನ್ನನ್ನೇ ಮೆಚ್ಚಿಕೊಂಡಿದ್ದುಂಟು. ಬೆಳಗಾಗೆದ್ದು ಬರುವುದನ್ನು ಮಾಸ್ಟರು ಶ್ರದ್ಧೆ ಎಂದು ಎಲ್ಲರೆದುರು ಹೊಗಳಿದಾಗ ತಲೆ ತಗ್ಗಿಸಿ ಅದನ್ನೂ ಒಪ್ಪಿಕೊಂಡಿದ್ದಳು. ಆದರೆ ಒಂದು ರಜಾದಿನ, ಗಂಡನ ಅಂಗಿಗೆ ಗುಂಡಿ ಹಾಕಲು ಕೂತಿದ್ದಾಗ, ವಾರಗಿತ್ತಿಯ ಮಗಳು ಎದುರಿಗೆ ಬಂದು ನಿಂತು, ದೊಡ್ಡಮ್ಮ, ತೂತು ಆ ಕಡೆ ಇದೆ, ನೀವು ಮೊನೆಗೆ ಪೋಣಿಸ್ತಾ ಇದೀರಿ ಎಂದು ನಕ್ಕುಬಿಟ್ಟಿದ್ದಳು. ಚಿಕ್ಕ ಹುಡುಗಿ, ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಆದರೆ ಆ ಕ್ಷಣ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ದೊಡ್ಡಕ್ಕನಿಗೆ ಕೇಳಿಸಿತ್ತು. ಆಮೇಲೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಸ್ವಲ್ಪ ಜೋರಾಗಿ. ಈಚೆಗೆ ಸೂಜಿದಿಂಬು ಅವಳು ಇಟ್ಟ ಕಡೆ ಇರುತ್ತಿರಲಿಲ್ಲ. ಊಟಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ಒಂದು ಗೇಣು ಅತ್ತ ಸರಿದಿರುತ್ತಿತ್ತು. ಯಾರೋ ಎಣಿಸಿ ನೋಡುತ್ತಿದ್ದಾರೆ.

ಎಡಚಿ ಬಂದಾಗ ದೊಡ್ಡಕ್ಕ ಕೋಟನ್ನು ಮಡಿಲಿಗೆ ಹಾಕಿಕೊಂಡು ಏನೂ ಆಗದವಳಂತೆ ಹೊಲಿಯುತ್ತಿದ್ದಳು. ಆ ನಾಲ್ಕು ಬೆರಳಗಲದ ಮೇಲೆ ಅಂಗೈ ಮುಚ್ಚಿಕೊಂಡಿದ್ದಳು. ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ಉತ್ತರವೂ ಬರುತ್ತದೆ: ಅಲ್ಲಿ ನಿಮ್ಮ ಹೊಲಿಗೆ ಹುರಿ ಬಿಟ್ಟು ಬಟ್ಟೆ ಮೇಲೆ ಬಿದ್ದಿತ್ತು ಅಕ್ಕ. ಆ ಉತ್ತರ ಎಲ್ಲರ ಕಿವಿಗೂ ಬೀಳುತ್ತದೆ. ಎಡಚಿ ಚಪ್ಪಲಿ ಬಿಟ್ಟು, ಕೂದಲನ್ನು ಎತ್ತಿ ಕಟ್ಟಿ, ಚೀಲದಿಂದ ದೊಡ್ಡಕ್ಕನ ಊಟದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮರೆತು ಬಂದಿದ್ರಿ ಎಂದಳು. ಅಷ್ಟೇ. ಆದರೆ ಅದನ್ನು ಇಸ್ತ್ರಿ ಮಾಡುವವಳೂ ಕೇಳಿಸಿಕೊಂಡಳು, ಗುಂಡಿ ಹಾಕುವವಳೂ ಕೇಳಿಸಿಕೊಂಡಳು. ಮೆಲ್ಲಗೆ ಕೊಡಬಹುದಿತ್ತಲ್ಲ? ಕಣ್ಣಿನ ಜೊತೆಗೆ ಮರೆವನ್ನೂ ಸೇರಿಸಿ ತಕ್ಕಡಿಗೆ ಹಾಕುತ್ತಿದ್ದಾಳೆ. ಮುಸುಕಿನೊಳಗಿನ ಗುದ್ದು ಎಂದರೆ ಇದೇ. ಪೆಟ್ಟು ತಿಂದವರಿಗೆ ಮಾತ್ರ ಗೊತ್ತು. ಮಧ್ಯೆ ಒಮ್ಮೆ ದಾರದುಂಡೆ ತರಲು ಹೋಗುವಾಗ ಮಾಸ್ಟರೂ ಎಡಚಿಯೂ ಇಸ್ತ್ರಿ ಮೇಜಿನ ಹತ್ತಿರ ತಲೆ ಬಾಗಿಸಿ ಮಾತಾಡುತ್ತಿದ್ದುದು ಕಂಡಿತು. ಅವಳು ಹತ್ತಿರವಾದಂತೆ ಮಾತು ನಿಂತಿತು. ಏನಿಲ್ಲ ದೊಡ್ಡಕ್ಕ, ಕೋಟಿನ ಒಳಪದರದ ಬಣ್ಣದ ವಿಚಾರ ಎಂದರು ಮಾಸ್ಟರು. ಕೇಳದೆ ಇದ್ದವರಿಗೆ ಉತ್ತರ ಯಾಕೆ ಹೇಳಬೇಕು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡಳು. ಹಾಗೆ ಎಂದುಕೊಳ್ಳುತ್ತಲೇ, ಹಿಂದಿರುಗುವಾಗ, ತನ್ನ ಕೈ ತನ್ನ ಕನ್ನಡಕವನ್ನು ಮುಟ್ಟಿ ನೋಡುತ್ತಿರುವುದು ಅವಳ ಗಮನಕ್ಕೆ ಬಂತು. ಹೆಗಲು ಮುಟ್ಟಿಕೊಂಡವರು ಯಾರು ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ, ಪುಣ್ಯಕ್ಕೆ.

ಎಡಚಿಯನ್ನು ಈ ಕೋಣೆಗೆ ಕರೆತಂದವಳು ದೊಡ್ಡಕ್ಕನೇ. ಮೈದುನ ಕೆಲಸ ಬಿಟ್ಟು, ಅಥವಾ ಕೆಲಸವೇ ಅವನನ್ನು ಬಿಟ್ಟು, ಮನೆಯಲ್ಲಿ ಕೂತ ಹೊಸತು. ಎರಡು ಸಂಸಾರಕ್ಕೆ ಒಂದೇ ಒಲೆ. ಕೂತು ತಿನ್ನುವ ಬಾಯಿಗಳನ್ನು ನೋಡಿ ನೋಡಿ, ಬಾ ಹೊಲಿಯೋದಾದ್ರೂ ಕಲ್ತುಕೋ ಎಂದು ಕರೆತಂದಿದ್ದಳು. ಮೊದಮೊದಲು ಸೂಜಿ ಎಡಗೈಗೆ ಹೋದಾಗಲೆಲ್ಲ ಅಳತೆಯ ಟೇಪಿನಿಂದ ಬೆರಳಿನ ಮೇಲೆ ತಟ್ಟುತ್ತಿದ್ದಳು. ಒಂದು ದಿನ ಅದೇ ಟೇಪಿನಿಂದ ಆ ಎಡಗೈಯನ್ನು ಕುರ್ಚಿಯ ತೋಳಿಗೆ ಕಟ್ಟಿಬಿಟ್ಟಳು. ತಮಾಷೆಗೆಂದೇ ಕಟ್ಟಿದ್ದು. ಎಲ್ಲರೂ ನಕ್ಕರು, ಎಡಚಿಯೂ ನಕ್ಕಳು. ಊಟಕ್ಕೆ ಏಳುವಾಗ ಬಿಚ್ಚುವುದನ್ನು ದೊಡ್ಡಕ್ಕ ಮರೆತಳು. ಊಟ ಮುಗಿಸಿ, ಹರಟೆ ಹೊಡೆದು, ಕೈತೊಳೆದು ಬಂದು ನೋಡಿದರೆ ಎಡಚಿ ಹಾಗೆಯೇ ಕೂತಿದ್ದಳು, ಬಲಗೈಯಲ್ಲಿ ಅಂಕುಡೊಂಕಾಗಿ ಹೊಲಿಯುತ್ತ. ಇನ್ನೊಂದು ಕೈಯಿಂದ ತಾನೇ ಬಿಚ್ಚಿಕೊಳ್ಳಬಹುದಿತ್ತು. ಯಾರನ್ನಾದರೂ ಕರೆಯಬಹುದಿತ್ತು. ಕರೆದಿರಲಿಲ್ಲ. ಟೇಪು ಬಿಚ್ಚುವಾಗ ಮಣಿಕಟ್ಟಿನಲ್ಲಿ ಅದರ ಅಂಕಿಗಳು ತಿರುಗುಮುರುಗಾಗಿ ಮೂಡಿದ್ದವು. ಅಂದಿನಿಂದ ದೊಡ್ಡಕ್ಕನಿಗೆ ಅವಳನ್ನು ಕಂಡರೆ ಒಂದು ತರಹದ ಭಯ. ಜಗಳ ಆಡುವವರನ್ನು ನಂಬಬಹುದು. ಕೇಳದೆ ಕೂತವರು ಎಲ್ಲವನ್ನೂ ಎಲ್ಲೋ ಒಂದು ಕಡೆ ಕೂಡಿಸಿಡುತ್ತಿರುತ್ತಾರೆ. ಆಮೇಲೆ ಮಾಸ್ಟರು ಬಂದು ಎಡಗೈಯಲ್ಲೇ ಹೊಲಿಯಲಿ ಬಿಡಿ ಎಂದರು, ಕನ್ನಡಿಯ ಉಪಾಯ ಹೊಳೆಯಿತು, ಇಡೀ ಎದೆಯ ಒಡತಿಯಾಗಿದ್ದ ದೊಡ್ಡಕ್ಕ ಅರ್ಧಕ್ಕೆ ಇಳಿದಳು. ಆದರೂ ಗಂಟು ಹಾಕಲು ಕಲಿಸಿದವಳು ತಾನೇ ಅಲ್ಲವೆ? ಹೋಗುವಾಗ ಮೇಲೆ, ಬರುವಾಗ ಕೆಳಗೆ. ಮಗುವಿಗೆ ಬಾಯಿಪಾಠ ಮಾಡಿಸಿದ ಹಾಗೆ ಹೇಳಿಕೊಟ್ಟಿದ್ದಳು. ಹಾಗೆ ಹಾಕಿದರೆ ಹುರಿಯ ತುದಿ ತನ್ನ ಭಾರಕ್ಕೆ ತಾನೇ ಸಿಕ್ಕಿ ಬಿಗಿಯುತ್ತದೆ. ಉಲ್ಟಾ ಹಾಕಿದರೂ ನೋಡುವುದಕ್ಕೆ ಅಂದವಾಗಿಯೇ ಇರುತ್ತದೆ, ಆದರೆ ಪಾತ್ರದವರು ನಾಲ್ಕು ಸಲ ಕೈ ಬೀಸಿದರೆ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ.

ಸಂಜೆಯ ಹೊತ್ತಿಗೆ ಬಲಗಡೆ ಉಳಿದದ್ದು ಆ ಗಂಟೊಂದೇ. ಕೊರಳಪಟ್ಟಿಯ ಕೆಳಗೆ ಎರಡು ಹೆಗಲಿಗೂ ಒಂದೊಂದು, ಮೂರು ಎಲೆಯಂತೆ ಅರಳಿದ ದೊಡ್ಡ ಗಂಟು. ಸೇನಾಪತಿಯ ಗತ್ತೆಲ್ಲ ಅದರಲ್ಲೇ. ಎಡಚಿಯದು ನಿನ್ನೆಯೇ ಮುಗಿದಿತ್ತು. ಮೊದಲೆಲ್ಲ ದೊಡ್ಡಕ್ಕ ಮುಗಿಸುವವರೆಗೆ ಅವಳು ಕಾಯುತ್ತಿದ್ದಳು, ಈಗ ಕಾಯುವುದಿಲ್ಲ. ಹುರಿಯನ್ನು ಸುತ್ತಿ, ಗುಂಡುಸೂಜಿಗಳಿಂದ ಹಿಡಿಸಿ, ದೊಡ್ಡಕ್ಕ ಮೊದಲ ಎಲೆಯನ್ನು ತಿರುಗಿಸುವಾಗ ಆ ಯೋಚನೆ ಬಂತು. ಅಥವಾ ಬೆಳಗಿನಿಂದ ಇದ್ದದ್ದು ಆಗ ಮೇಲೆದ್ದಿತು. ಉಲ್ಟಾ ಹಾಕಿಡೋಣ. ಬೇಕೆಂದೇ ಹಾಕಿಡೋಣ. ತನ್ನ ಕಡೆ ಕದ್ದು ಕೈಯಾಡಿಸುವವಳು ಇದನ್ನು ನೋಡಿಯೇ ನೋಡುತ್ತಾಳೆ, ನೋಡಿದರೆ ಬಿಚ್ಚಿ ಸರಿ ಮಾಡದೆ ಇರಲಾರಳು. ಬೆಳಿಗ್ಗೆ ಬಂದು ಬೆರಳಾಡಿಸಿದರೆ ಇಡೀ ಗಂಟೇ ಎಡಗೈಯ ಹೊಲಿಗೆಯಲ್ಲಿರುತ್ತದೆ. ಆಗ ಮಾಸ್ಟರನ್ನು ಕರೆದು, ನೋಡಿ, ನನ್ನ ಅರ್ಧಕ್ಕೆ ಯಾರು ಕೈ ಹಾಕಿದ್ದಾರೆ ಎಂದು ತೋರಿಸಿದರಾಯಿತು. ಹಾವೂ ಸಾಯುತ್ತದೆ, ಕೋಲೂ ಉಳಿಯುತ್ತದೆ. ಹೋಗುವಾಗ ಕೆಳಗೆ, ಬರುವಾಗ ಮೇಲೆ. ಕೈ ಮೊದಲು ಒಪ್ಪಲಿಲ್ಲ, ಎರಡು ಸಲ ತಾನಾಗಿಯೇ ಸರಿದಾರಿಗೆ ಹೋಯಿತು. ಮೂರನೆಯ ಸಲ ಒತ್ತಾಯ ಮಾಡಿ ಕೂರಿಸಿದಳು. ಬೆಳಕು ಇಳಿದಿತ್ತು, ಮಂಜಿನೊಳಗೆ ಹೊಲಿದಂತೆ ಹೊಲಿದು ಮುಗಿಸಿದಳು. ಪಕ್ಕದ ಕುರ್ಚಿಯಿಂದ ಎಡಚಿ ಒಮ್ಮೆ ಇತ್ತ ನೋಡಿದ ಹಾಗಾಯಿತು. ನೋಡಲಿ ಎಂದೇ ದೊಡ್ಡಕ್ಕ ಮೊಣಕೈ ಸರಿಸಿ ಜಾಗ ಬಿಟ್ಟಳು.

ಇಬ್ಬರೂ ಒಟ್ಟಿಗೇ ಮನೆಗೆ ಹೊರಟರು. ರಸ್ತೆ ಅಗೆದಿದ್ದರು, ಹಲಗೆಗಳ ಮೇಲೆ ಕಾಲಿಟ್ಟು ದಾಟಬೇಕಿತ್ತು. ದೊಡ್ಡಕ್ಕ ಹಲಗೆಯ ಅಂಚು ತಿಳಿಯದೆ ಒಂದು ಕ್ಷಣ ನಿಂತಾಗ ಎಡಚಿ ಮುಂದೆ ಹೋಗಿ, ಕೈ ಹಿಂದಕ್ಕೆ ಚಾಚಿದಳು. ದೊಡ್ಡಕ್ಕ ಅದನ್ನು ಹಿಡಿಯಲಿಲ್ಲ. ದಾಟಿದ ಮೇಲೆ ಸ್ವಲ್ಪ ದೂರ ಅಂಗಡಿಗಳ ದೀಪದಲ್ಲಿ ನಡೆದರು. ಆಮೇಲೆ ಎಡಚಿ ಕೇಳಿದಳು.

"ಅಕ್ಕ, ಆ ದೊಡ್ಡ ಗಂಟು... ನಾನೊಂದ್ಸಲ ನೋಡ್ಲಾ?"

ಬಲೆಗೆ ಬಿತ್ತು ಎಂದುಕೊಳ್ಳಬೇಕಿತ್ತು ದೊಡ್ಡಕ್ಕ. ನೋಡು ಎಂದು ಬಿಟ್ಟಿದ್ದರೆ ಸಾಕಿತ್ತು. ಆದರೆ ಆ ಮಾತಿನಲ್ಲಿದ್ದ ಮೃದುತನ ಅವಳಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ರೋಗಿಯ ಮಂಚದ ಪಕ್ಕ ಮಾತಾಡುವ ದನಿ ಅದು. ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಬಾಯಿಗೆ ಬಂತು.

"ನನ್ನ ಕಡೆ ನಾನು ನೋಡ್ಕೋತೀನಿ. ನಿನ್ನ ಕೈ ನಿನ್ನ ಕಡೆ ಇರ್ಲಿ."

ಎಡಚಿ ಆಯ್ತಕ್ಕ ಎಂದಳು. ಮನೆಯಲ್ಲಿ ಅವಳು ಪಾತ್ರೆ ತೊಳೆದಳು, ದೊಡ್ಡಕ್ಕ ಒರೆಸಿ ಕಪಾಟಿಗೆ ಜೋಡಿಸಿದಳು, ದಿನಾ ಮಾಡುವ ಹಾಗೆ. ಒಂದು ತಟ್ಟೆಗೆ ಅಂಟಿದ್ದ ಜಿಡ್ಡು ದೊಡ್ಡಕ್ಕನ ಕಣ್ಣಿಗೆ ಕಾಣದೆ ಹೋಗಿತ್ತು. ಎಡಚಿ ಅದನ್ನು ಕಪಾಟಿನಿಂದ ಮತ್ತೆ ತೆಗೆದು ತೊಳೆದಳು. ಗಂಡಸರಿಬ್ಬರೂ ಹಜಾರದಲ್ಲಿ ಮಾತಾಡುತ್ತಿದ್ದರು. ಮುಂದಿನ ತಿಂಗಳು ಏನಾದರೂ ಸಿಕ್ಕೇ ಸಿಗುತ್ತದೆ ಎಂದು ಮೈದುನ ಎಂದಿನ ಹುರುಪಿನಲ್ಲಿ ಹೇಳುತ್ತಿದ್ದ, ಅವನ ಅಣ್ಣ ಎಂದಿನ ಹಾಗೆ ಹೂಂಗುಡುತ್ತಿದ್ದ. ನೀರಿನ ಸದ್ದಿನ ನಡುವೆ ದೊಡ್ಡಕ್ಕನಿಗೆ ಇನ್ನೊಂದು ಸಂಗತಿ ಹೊಳೆಯಿತು, ಹೊಳೆದದ್ದನ್ನು ಒರೆಸುವ ಬಟ್ಟೆಯಿಂದಲೇ ಒರೆಸಿಬಿಡಲು ನೋಡಿದಳು. ಎಡಚಿ ಗಂಟನ್ನು ಸರಿ ಮಾಡದಿದ್ದರೆ? ಎರಡೂ ಹೊಂದುವುದಿಲ್ಲ. ಹೊಂದದಿದ್ದರೆ ಬಿಚ್ಚುವುದು ಎಡಗಡೆ. ತಪ್ಪು ಎಡಗಡೆಯ ತಲೆಗೆ. ಇದು ಈಗ ಹೊಳೆದದ್ದೋ, ಗಂಟು ಹಾಕುವಾಗಲೇ ಗೊತ್ತಿತ್ತೋ? ಬೇರೆಯವರ ಮನಸ್ಸಿನ ಮೂಲೆ ಮೂಲೆಗೂ ದೀಪ ಹಿಡಿದು ನೋಡುವವಳಿಗೆ ತನ್ನ ಮನಸ್ಸಿನ ಈ ಒಂದು ಮೂಲೆ ಕತ್ತಲಾಗಿಯೇ ಉಳಿಯಿತು. ಬೆಳಿಗ್ಗೆ ಮೊದಲ ಕೆಲಸ ಅದನ್ನು ಬಿಚ್ಚುವುದು ಎಂದುಕೊಂಡಳು. ತಾ ಕಳ್ಳ, ಪರರ ನಂಬ ಎಂದು ಅತ್ತೆ ಮಾತುಮಾತಿಗೆ ಹೇಳುತ್ತಿದ್ದರು. ಅತ್ತೆ ಹೇಳುವಾಗ ಯಾವಾಗಲೂ ಎಡಚಿಯನ್ನು ನೋಡುತ್ತಿದ್ದರಲ್ಲವೆ, ಅಥವಾ ತನ್ನನ್ನೋ?

ಬೆಳಿಗ್ಗೆ ಅವಳು ಬಂದಾಗ ಬೊಂಬೆ ಬರಿಮೈಯಲ್ಲಿ ನಿಂತಿತ್ತು. ಸೇನಾಪತಿಯ ಪಾತ್ರದವನು ಮಧ್ಯಾಹ್ನ ಬರಬೇಕಾದವನು ಇನ್ನೇನೋ ಕೆಲಸವಿದೆಯೆಂದು ಆಗಲೇ ಬಂದು, ಕೋಟು ತೊಟ್ಟು, ಕನ್ನಡಿಯ ಮುಂದೆ ನಿಂತು ಗಲ್ಲ ಎತ್ತಿ ತನ್ನನ್ನೇ ಮೆಚ್ಚಿಕೊಳ್ಳುತ್ತಿದ್ದ. ಮಾಸ್ಟರು ಎರಡು ಹೆಜ್ಜೆ ಹಿಂದೆ ನಿಂತಿದ್ದರು. ಎಡಚಿಯೂ ಬಂದಿದ್ದಳು, ದೊಡ್ಡಕ್ಕ ಸ್ನಾನಕ್ಕೆ ಹೋಗಿದ್ದಾಗ ಮಾಸ್ಟರು ಫೋನು ಮಾಡಿ ಕರೆಸಿದ್ದರಂತೆ. ತನಗೆ ಯಾಕೆ ಮಾಡಲಿಲ್ಲ? ಸೊಂಟ ಸ್ವಲ್ಪ ಹಿಡಿಯಬೇಕು, ಬನ್ನಿ ದೊಡ್ಡಕ್ಕ ಎಂದರು ಮಾಸ್ಟರು. ಅವಳು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ನೆಲಕ್ಕೆ ಮಂಡಿಯೂರಿದಳು. ಸೊಂಟದ ಬಟ್ಟೆ ಹಿಡಿಯುತ್ತ, ಒಂದೊಂದೇ ಸೂಜಿ ತೆಗೆಯುತ್ತ, ಕಣ್ಣು ಮೇಲೆತ್ತದೆ ಕಾದಳು. ಗಂಟು ಸರಿಯಾಗಿದೆಯೋ ಇಲ್ಲವೋ ಕೆಳಗಿನಿಂದ ಕಾಣುತ್ತಿರಲಿಲ್ಲ. ಎದುರಿಗಿದ್ದರೂ ಕಾಣುತ್ತಿತ್ತೋ ಇಲ್ಲವೋ. ಮೇಲಿನಿಂದ ಮಾಸ್ಟರ ಮಾತು ಬಂತು. ಇದೇನ್ರೀ ಇದು, ಎರಡು ಹೆಗಲಿಗೂ ಮನಸ್ತಾಪವಾ ಎಂದರು. ಸೇನಾಪತಿ ನಕ್ಕ. ಮಾಸ್ಟರು ಹತ್ತಿರ ಬಂದು ಬಲಗಡೆಯ ಗಂಟನ್ನು ನೋಡಿದರು, ಎಡಗಡೆಯದನ್ನು ನೋಡಿದರು. ಒಂದರಲ್ಲಿ ಹುರಿ ಮೇಲೆ ಹಾದಿತ್ತು, ಇನ್ನೊಂದರಲ್ಲಿ ಕೆಳಗೆ. ಎರಡೂ ಒಂದಕ್ಕೊಂದು ಸಮನಾಗಿ ಅಂದವಾಗಿದ್ದವು. ಅವರು ಕೈಹೊಲಿಗೆ ಮಾಡಿದವರಲ್ಲ, ಕತ್ತರಿ ಹಿಡಿದವರು. ಕಟ್ಟಳೆ ಇದ್ದದ್ದೇ ಇಂಥ ಹೊತ್ತಿಗೆ. ಬೆರಳು ಎಡಗಡೆಯ ಮೇಲೆ ನಿಂತಿತು.

"ಎಡಗಡೇದು ಬಿಚ್ಚಮ್ಮ. ದೊಡ್ಡಕ್ಕಂದು ನೋಡ್ಕೊಂಡು ಹಾಕು."

ಎಡಚಿ ದೊಡ್ಡಕ್ಕನ ಕಡೆ ನೋಡಿದಳು. ಬೇಡುವ ನೋಟವಲ್ಲ, ದೂರುವ ನೋಟವೂ ಅಲ್ಲ. ಬಾಗಿಲು ತಟ್ಟಿ ಯಾರಾದರೂ ತೆಗೆಯಬಹುದೆಂದು ಹೊರಗೆ ನಿಂತವರ ಹಾಗೆ ನೋಡಿದಳು. ದೊಡ್ಡಕ್ಕನ ಬಾಯಲ್ಲಿ ಇನ್ನೂ ಗುಂಡುಸೂಜಿಗಳಿದ್ದವು. ಬಾಯಿ ತುಂಬ ಸೂಜಿ ಇಟ್ಟುಕೊಂಡವರು ಮಾತಾಡುವುದು ಹೇಗೆ? ಅಂಗೈಗೆ ಉಗುಳಿಕೊಂಡರೆ ಆಗುತ್ತಿತ್ತು. ದಿನಕ್ಕೆ ಎಷ್ಟೋ ಸಲ ಹಾಗೆ ಉಗುಳಿಕೊಂಡು ಯಾರನ್ನೋ ಬೈದು ಮತ್ತೆ ಬಾಯಿಗಿಟ್ಟುಕೊಳ್ಳುತ್ತಿದ್ದಳು. ತುಟಿ ಬಿಗಿದಳು. ಒಂದು ಸೂಜಿಯ ಮೊನೆ ಒಳತುಟಿಗೆ ಚುಚ್ಚಿ ರಕ್ತದ ರುಚಿ ಬಂತು. ಎಡಚಿ ಕಣ್ಣು ತೆಗೆದಳು. ಮಾಸ್ಟರು ಆಗಲೇ ಬೇರೆ ಮಾತಿಗೆ ಹೋಗಿದ್ದರು: ಇದಕ್ಕೇ ನಾನು ಹೇಳೋದು, ಇಬ್ಬರು ಕೈ ಹಾಕಿದ್ರೆ ಇಷ್ಟೇ, ಮುಂದಿನ ನಾಟಕದಿಂದ ದೊಡ್ಡಕ್ಕ ಒಬ್ಬರೇ ಗಂಟು ನೋಡ್ಕೊಳ್ಳಲಿ. ಅದನ್ನು ಅವರು ಕ್ಯಾಲೆಂಡರಿನ ಹಾಳೆ ಹರಿದಷ್ಟು ಸಲೀಸಾಗಿ ಹೇಳಿದರು. ಸೇನಾಪತಿ ಕೋಟು ಬಿಚ್ಚಿಕೊಟ್ಟು ಹೋದ.

ಎಡಚಿ ಕಿಟಕಿಯ ಕಡೆಗೆ ಕುರ್ಚಿ ಎಳೆದುಕೊಂಡು ಕೂತು ತನ್ನ ಗಂಟನ್ನು ಬಿಚ್ಚಿದಳು. ಸರಿಯಾದ ಗಂಟು ಅದು, ಬಿಚ್ಚುವುದೂ ಕಷ್ಟ. ಪ್ರತಿಯೊಂದು ಸುತ್ತೂ ಹಿಡಿದುಕೊಂಡಿತ್ತು. ಆಮೇಲೆ ಬಲಗಡೆಯದನ್ನು ನೋಡಿಕೊಂಡು, ಹೋಗುವಾಗ ಕೆಳಗೆ, ಬರುವಾಗ ಮೇಲೆ, ತಪ್ಪನ್ನು ಒಂದು ಎಳೆಯೂ ಬಿಡದ ಹಾಗೆ ಎತ್ತಿಕೊಂಡು ಎಡಗಡೆಗೆ ಕೂರಿಸತೊಡಗಿದಳು. ದೊಡ್ಡಕ್ಕನ ಕೈ ಎರಡು ಸಲ ಒಪ್ಪದಿದ್ದದ್ದು ಅವಳ ಕೈಗೆ ಒಂದೇ ಸಲಕ್ಕೆ ಬಂತು. ಪಕ್ಕದಲ್ಲಿ ದೊಡ್ಡಕ್ಕ ಏನೂ ಮಾಡದೆ ಕೂತಿದ್ದಳು. ಇವಳು ಯಾಕೆ ಬಾಯಿ ಬಿಡಲಿಲ್ಲ? ನಾಳೆ ಮನೆಯಲ್ಲಿ ಹೇಳುತ್ತಾಳೆಯೇ, ಗಂಡಸರ ಎದುರು? ಅಥವಾ ಎಂದೂ ಹೇಳದೆ, ಟೇಪಿನ ಗುರುತಿನ ಹಾಗೆ, ಇದನ್ನೂ ಆ ಕೂಡಿಟ್ಟ ಗಂಟಿಗೆ ಸೇರಿಸುತ್ತಾಳೆಯೇ? ಕೊನೆಗೆ ದೊಡ್ಡಕ್ಕನೇ ತಡೆಯಲಾರದೆ, ಯಾಕೆ ಸುಮ್ನಿದ್ದೆ ಎಂದು ಕೇಳಿದಳು.

"ನೀವು ಹೇಳ್ತೀರ ಅಂತ ಕಾದೆ." ಎಡಚಿ ದಾರವನ್ನು ಹಲ್ಲಿನಿಂದ ಕಡಿದಳು. "ನನ್ನ ಕೈ ನನ್ನ ಕಡೆ ಇರ್ಲಿ ಅಂದಿದ್ರಲ್ಲ ಅಕ್ಕ."

ದೊಡ್ಡಕ್ಕ ಎದ್ದಳು. ಕೋಣೆಯ ಆ ತುದಿಯಲ್ಲಿದ್ದ ಮಾಸ್ಟರ ಮೇಜಿನವರೆಗೆ ನಡೆದು ಹೋದಳು. ಸರಿಯಿದ್ದದ್ದು ಎಡಗಡೆಯದು ಎಂದು ಹೇಳಿದಳು. ತಪ್ಪು ತನ್ನದು, ಬೇಕೆಂದೇ ಹಾಕಿದ್ದು ಎಂದೂ ಹೇಳಿದಳು. ಮಾಸ್ಟರು ಸೀಮೆಸುಣ್ಣದ ಕೈಯನ್ನು ಒರೆಸಿಕೊಂಡು ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು ಬಂದು, ಎಡಚಿ ಆಗಷ್ಟೇ ಬೊಂಬೆಗೆ ತೊಡಿಸಿದ್ದ ಕೋಟಿನ ಮುಂದೆ ನಿಂತರು. ಎರಡು ಹೆಗಲಿನ ಮೇಲೂ ಒಂದೇ ಥರದ ಎರಡು ಗಂಟು, ಕನ್ನಡಿ ಹಿಡಿದ ಹಾಗೆ. ಎಲ್ಲಿದೆ ತಪ್ಪು, ತೋರಿಸಿ ಎಂದರು. ದೊಡ್ಡಕ್ಕ ತೋರಿಸಲು ಕೈ ಎತ್ತಿದಳು. ಯಾವುದನ್ನು ತೋರಿಸುವುದು? ಈಗ ಎರಡೂ ತಪ್ಪು. ಎರಡೂ ಒಂದೇ ಥರ ತಪ್ಪಿದರೆ ಅದನ್ನು ತಪ್ಪು ಎನ್ನುವುದಾದರೂ ಯಾವುದನ್ನು ನೋಡಿ? ವಾರಗಿತ್ತಿಯ ಕೆಲಸ ಹೋಗತ್ತೆ ಅಂತ ತಪ್ಪು ತಲೆ ಮೇಲೆ ಹಾಕ್ಕೊಳ್ತಿದೀರಿ, ದೊಡ್ಡ ಮನಸ್ಸು ನಿಮ್ಮದು ಎಂದರು ಮಾಸ್ಟರು, ಎಲ್ಲರಿಗೂ ಕೇಳಿಸುವಂತೆ. ಇಸ್ತ್ರಿ ಮಾಡುವವಳು ತಲೆದೂಗಿದಳು. ದೊಡ್ಡಕ್ಕ ಇನ್ನೊಂದು ಸಲ ಪ್ರಯತ್ನಿಸಿದಳು.

"ಅಲ್ಲ ಮಾಸ್ಟ್ರೆ, ಇದು ನಿಲ್ಲಲ್ಲ. ಪಾತ್ರದವರು ನಾಲ್ಕು ಸಲ ಕೈ ಬೀಸಿದ್ರೆ ಬಿಚ್ಕೊಳತ್ತೆ."

"ಬಿಚ್ಕೊಂಡ್ರೆ ಹಾಕೋಕೆ ನೀವಿದೀರಲ್ಲ."

ತಿರುಗಿ ನೋಡಿದರೆ ಎಡಚಿ ಇರಲಿಲ್ಲ. ಅವಳ ಕುರ್ಚಿ ಮೇಜಿನ ಕೆಳಕ್ಕೆ ಸೇರಿತ್ತು, ಬೆರಳುಟೋಪಿ, ಚಿಕ್ಕ ಕತ್ತರಿ, ಚಪ್ಪಲಿ, ಯಾವುದೂ ಇರಲಿಲ್ಲ. ಅವಳು ಎಲ್ಲಿಗೆ ಹೋದಾಳು, ಮನೆಗೇ; ಸಂಜೆ ಅದೇ ಬಾಗಿಲು ತೆಗೆಯುವವಳೂ ಅವಳೇ. ದೊಡ್ಡಕ್ಕ ತನ್ನ ಜಾಗದಲ್ಲಿ ಕೂತಳು. ಇನ್ನು ಎರಡೂ ಕಡೆ ತನ್ನವೇ. ಸೊಂಟದ ಮಡಿಕೆ ಹೊಲಿಯಬೇಕಿತ್ತು, ಸೂಜಿಗೆಂದು ಕೈ ಚಾಚಿದಾಗ ನೆನಪಾಯಿತು: ಇವತ್ತು ಬೆಳಿಗ್ಗೆ ಬಂದದ್ದೇ ಸೇನಾಪತಿಯ ಗಡಿಬಿಡಿ, ಒಂದಕ್ಕೂ ದಾರ ಪೋಣಿಸಿರಲಿಲ್ಲ. ಸೂಜಿದಿಂಬು ಒಂದು ಗೇಣು ಅತ್ತ ಸರಿದಿತ್ತು. ಅದರ ತುಂಬ ಸೂಜಿಗಳು, ಎಲ್ಲದಕ್ಕೂ ದಾರ, ಒಂದೊಂದು ದಾರವೂ ಒಂದೇ ಉದ್ದ, ತುದಿಗೆ ಪುಟ್ಟ ಗಂಟು. ಗಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದಳು. ಎಡಗೈಯವರು ಸುತ್ತುವ ಕಡೆಗೆ ಸುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿಕೊಂಡಳು. ಸಂಜೆಯವರೆಗೂ ಸೂಜಿ ಸಾಕಾಗುತ್ತಿದ್ದ ಆ ಎಲ್ಲ ದಿನಗಳೂ, ತನ್ನ ಹಿಡಿತದ ಕೈಯನ್ನು ತಾನೇ ಮೆಚ್ಚಿಕೊಂಡ ದಿನಗಳೂ ಎದುರಿಗೆ ಬಂದು ನಿಂತವು. ಅಳು ಬರುತ್ತದೆ ಎಂದು ಕಾದಳು. ಬಂದದ್ದು ಬೇರೆ. ಇವತ್ತು ಯಾಕೆ ಇಷ್ಟೊಂದು ಪೋಣಿಸಿಟ್ಟು ಹೋದಳು? ಕನಿಕರವೇ, ಅಥವಾ ನಾಳೆ ಏನು ಮಾಡುತ್ತೀರೋ ನೋಡುತ್ತೇನೆ ಎಂದೇ? ಹಾಗೆ ಕೇಳಿಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು, ಆದರೂ ಪ್ರಶ್ನೆ ಹೋಗಲಿಲ್ಲ. ಬೊಂಬೆಯ ಎರಡು ಹೆಗಲುಗಳೂ ಕಿಟಕಿಯ ಬೆಳಕಿನಲ್ಲಿ ಮಸುಕಾಗಿ ಹೊಳೆಯುತ್ತಿದ್ದವು. ದೊಡ್ಡಕ್ಕ ದಿಂಬಿನಿಂದ ಒಂದು ಸೂಜಿ ಕಿತ್ತು ಹೊಲಿಯಲು ಶುರುಮಾಡಿದಳು. ಈ ಸೂಜಿಗಳು ಮುಗಿಯುವವರೆಗೆ ಹೊಲಿಯಬಹುದಿತ್ತು.